ಒಂದೇ ಮನೆ, ಎರಡು ಕ್ಯಾನ್ವಾಸ್: ಲಂಡನ್‌ನಲ್ಲಿ ಎರಡೂ ಕಡೆ ಹೋಗಿ ನೋಡಿ

ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್‌ನ ‘ದಿ ಹೇ ವೇನ್’ (ಹುಲ್ಲಿನ ಗಾಡಿ) ಚಿತ್ರದ ಮುಂದೆ ಜಾಸ್ತಿ ಜನ ಹುಲ್ಲಿನ ಗಾಡಿಯ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವು ಎಡಗಡೆಯ ಮನೆ ನೋಡಿ. ಅದು ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಫ್ಲಾಟ್‌ಫರ್ಡ್‌ನಲ್ಲಿ ವಿಲ್ಲಿ ಲಾಟ್ ಎಂಬ ರೈತ ಇದ್ದ ಮನೆ, ಈಗಲೂ ಇದೆ. ಅಲ್ಲಿನ ಗಿರಣಿ ಕಲಾವಿದನ ಅಪ್ಪನದು. ಚಿಕ್ಕಂದಿನಿಂದ ಕಂಡ ಮನೆಯೇ, ಆದರೆ 1821ರ ಈ ಚಿತ್ರ ಬರೆದದ್ದು ಲಂಡನ್ನಿನಲ್ಲಿ ಕೂತು.

ಹತ್ತಿರ ಹೋದರೆ ಗೋಡೆಯ ಬಿಳಿ ಬರೀ ಬಿಳಿಯಲ್ಲ, ಕೆನೆ, ಬೂದು, ಇಟ್ಟಿಗೆ ಬಣ್ಣ ಎಲ್ಲ ಸಣ್ಣ ಸಣ್ಣ ಗೆರೆಗಳಲ್ಲಿ ಸೇರಿ ನಿಂತಿವೆ. ಹೆಂಚಿನ ಅಂಚು ಗಟ್ಟಿ. ಕುದುರೆಗಳ ಸಜ್ಜಿನಲ್ಲಿ ಚೂರು ಕೆಂಪು, ಅದರಿಂದ ಹುಲ್ಲಿನ ಹಸಿರು ಇನ್ನೂ ಹಸಿರಾಗಿದೆ. ಈ ಮನೆ ಎಂದಿನಿಂದಲೂ ಹೀಗೇ ಇತ್ತು, ಇನ್ನು ಮುಂದೆಯೂ ಇರುತ್ತದೆ ಅನ್ನಿಸುತ್ತದೆ. ಆದರೆ 1816ರಲ್ಲೂ 1822ರಲ್ಲೂ ಆ ಸೀಮೆಯ ಹೊಲದ ಕೂಲಿಗಳು ಹಸಿವಿಗೆ ದಂಗೆ ಎದ್ದಿದ್ದರು. ಹಾಗಾಗಿ ಈ ನೆಮ್ಮದಿ ಊರಿನದ್ದಲ್ಲ, ಬ್ರಷ್ಷು ಕಟ್ಟಿಕೊಟ್ಟದ್ದು ಅಂತ ನನಗೆ ಅನ್ನಿಸುತ್ತದೆ.

ಇದು ಪೂರ್ತಿ ಗೊತ್ತಾಗಬೇಕಾದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೂ ಹೋಗಲೇಬೇಕು. ಇದೇ ಚಿತ್ರಕ್ಕೆ ಮೊದಲು ಮಾಡಿಕೊಂಡ, ಹೆಚ್ಚು ಕಡಿಮೆ ಅಷ್ಟೇ ದೊಡ್ಡದಾದ ಆಯಿಲ್ ಸ್ಕೆಚ್, ಅಂದರೆ ಎಣ್ಣೆ ಬಣ್ಣದ ಕರಡು ಚಿತ್ರ, ಅಲ್ಲಿದೆ. ಕ್ಯಾನ್ವಾಸಿಗೆ ಮೊದಲು ಬಳಿದ ಕಂದು ಬಣ್ಣ ಅಲ್ಲಲ್ಲಿ ಹಾಗೇ ಇಣುಕುತ್ತದೆ, ಬಣ್ಣ ಅಗಲವಾಗಿ, ಅವಸರದಲ್ಲಿ ಬಿದ್ದಿದೆ, ಮರ ಎಲ್ಲಿ ಮುಗಿದು ಛಾವಣಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಅದೇ ಮನೆ ಇಲ್ಲಿ ನೆಂದು ನಿಂತಿದೆ, ಮುಂದಿನ ಮಳೆಗೆ ಏನಾಗುತ್ತದೋ ಅನ್ನುವ ಹಾಗೆ. ದಡದಲ್ಲಿ ಸವಾರನ ಸಮೇತ ಒಂದು ಕುದುರೆಯೂ ಇದೆ. ಗ್ಯಾಲರಿಯ ಚಿತ್ರದಲ್ಲಿ ಅದನ್ನು ಬಣ್ಣ ಹಚ್ಚಿ ಮುಚ್ಚಿಬಿಟ್ಟಿದ್ದಾನೆ. ಗಲಿಬಿಲಿ ಆಗುವುದನ್ನೆಲ್ಲ ತೆಗೆದ ಮೇಲೆಯೇ ಆ ಮನೆಗೆ ಅಷ್ಟು ಗಟ್ಟಿತನ ಬಂತು, ಅಲ್ವಾ?

1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಪಡೆದದ್ದು ಗ್ಯಾಲರಿಯ ಚಿತ್ರ. ನನಗೆ ಹೆಚ್ಚು ಇಷ್ಟ ಸ್ಕೆಚ್ಚಿನ ಮನೆ. ಅಲ್ಲಿ ಬದುಕುವವರ ಕಷ್ಟ ಕಾಣುತ್ತದೆ.

ಎರಡೂ ಕಡೆ ಪ್ರವೇಶ ಉಚಿತ. ಗ್ಯಾಲರಿ ಹತ್ತಿರದ ಲೆಸ್ಟರ್ ಸ್ಕ್ವೇರ್‌ನಿಂದ ಮೆಟ್ರೋದ ಪಿಕಡಿಲಿ ಲೈನ್ ಹಿಡಿದರೆ ಮ್ಯೂಸಿಯಂ ಹತ್ತಿರದ ಸೌತ್ ಕೆನ್ಸಿಂಗ್ಟನ್‌ಗೆ ನೇರ ರೈಲು. ಶುಕ್ರವಾರ ಎರಡೂ ಸಂಜೆ ತಡವಾಗಿ ಮುಚ್ಚುವುದರಿಂದ ಆ ದಿನವೇ ಹೋಗಿ. ಮೊದಲು ಗ್ಯಾಲರಿ, ಆಮೇಲೆ ಸ್ಕೆಚ್. ಹೊರಡುವ ಮುಂಚೆ ಸ್ಕೆಚ್ ಗೋಡೆ ಮೇಲಿದೆಯಾ ಅಂತ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.