ಫೈಬ್ರೋಸ್ಕ್ಯಾನ್: ಲಿವರ್ ದೊಡ್ಡದಾಗಿದೆ ಎಂದವರಿಗೆ ಇದು ಎಷ್ಟು ಉಪಯೋಗ?

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ 'ಲಿವರ್ 17 ಸೆಂ.ಮೀ., ಫ್ಯಾಟಿ ಲಿವರ್ ಗ್ರೇಡ್ 2' ಎಂದು ಕಂಡ ಕೂಡಲೇ ಎಷ್ಟೋ ಜನ ನೇರವಾಗಿ ಫೈಬ್ರೋಸ್ಕ್ಯಾನ್ ಮಾಡಿಸಲು ಹೊರಡುತ್ತಾರೆ. ಪರೀಕ್ಷೆ ಒಳ್ಳೆಯದೇ. ಆದರೆ ಲಿವರ್ ಎಷ್ಟು ಗಡುಸಾಗಿದೆ, ಅದರಲ್ಲಿ ಎಷ್ಟು ಕೊಬ್ಬು ಕೂತಿದೆ ಎಂಬ ಎರಡೇ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ. ಎಷ್ಟು ದೊಡ್ಡದಾಗಿದೆ, ಯಾಕೆ ದೊಡ್ಡದಾಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಗಡ್ಡೆ, ಕೀವು, ಪಿತ್ತಕೋಶದ ಕಲ್ಲು ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆಲ್ಲ ಸಾದಾ ಅಲ್ಟ್ರಾಸೌಂಡೇ ಆಗಬೇಕು.

ಮಾಡಿಸಿಕೊಳ್ಳುವುದು ಸುಲಭ. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇರಿಸುತ್ತಾರೆ. ಬಲಗಡೆ ಪಕ್ಕೆಲುಬುಗಳ ನಡುವೆ ಜೆಲ್ ಹಚ್ಚಿ ಪ್ರೋಬ್ ಒತ್ತಿ ಹಿಡಿಯುತ್ತಾರೆ. 50 ಹರ್ಟ್ಸ್‌ನ ಸಣ್ಣ ತಟ್ಟು ಒಳಗೆ ಹೋಗುತ್ತದೆ. ಲಿವರ್ ಗಡುಸಾದಷ್ಟೂ ಆ ಅಲೆಯ ವೇಗ ಹೆಚ್ಚು. ಸರಿಯಾದ 10 ಅಳತೆ ಸಿಗಲು ಹತ್ತು ನಿಮಿಷ ಸಾಕು, ನೋವಿಲ್ಲ. ಬಯಾಪ್ಸಿಯ ಸೂಜಿಗೆ ಸಿಗುವ ಚೂರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಜಾಗವನ್ನು ಇದು ಅಳೆಯುತ್ತದೆ.

ವರದಿಯಲ್ಲಿ ಬಣ್ಣದ ಪಟ್ಟಿಗಿಂತ ಮೊದಲು 'ಐಕ್ಯೂಆರ್/ಮೀಡಿಯನ್' ಎಂಬ ಶೇಕಡಾವಾರು ನೋಡಿ. ಹತ್ತು ಅಳತೆಗಳು ಒಂದಕ್ಕೊಂದು ಎಷ್ಟು ಏರುಪೇರಾಗಿವೆ ಎಂದು ಅದು ಹೇಳುತ್ತದೆ. ಅದು 30 ದಾಟಿದ್ದು, ಗಡಸುತನವೂ 7 ಕಿಲೋಪಾಸ್ಕಲ್‌ಗಿಂತ ಹೆಚ್ಚಿದ್ದರೆ ಆ ಅಳತೆ ನಂಬುವಂತಿಲ್ಲ, ಮತ್ತೆ ಮಾಡಿಸಬೇಕು. ಆಮೇಲೆ ಗಡಸುತನ ಹೇಳುವ ಕಿಲೋಪಾಸ್ಕಲ್ ಸಂಖ್ಯೆ. ಫ್ಯಾಟಿ ಲಿವರ್ ಇರುವವರಲ್ಲಿ ಅದು 8ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ (ಲಿವರ್ ಕಲೆಗಟ್ಟುವುದು) ಇರುವ ಸಂಭವ ಕಡಿಮೆ. 8ರಿಂದ 12 ಅನುಮಾನದ ವಲಯ. 12 ದಾಟಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. 'ಸಿಎಪಿ' ಎನ್ನುವುದು ಕೊಬ್ಬಿನ ಅಳತೆ, 100ರಿಂದ 400ರವರೆಗೆ ಬರುತ್ತದೆ. ಸುಮಾರು 250ರ ಮೇಲೆ ಕೊಬ್ಬಿದೆ ಎಂದರ್ಥ. ಜನ ಗಾಬರಿಯಾಗುವುದು ಈ ಸಿಎಪಿ ನೋಡಿ. ನಿಜವಾಗಿ ಚಿಂತಿಸಬೇಕಾದದ್ದು ಕಿಲೋಪಾಸ್ಕಲ್ ನೋಡಿ.

ಎಡವಟ್ಟಾಗುವುದು ಎಲ್ಲಿ? ಮೊದಲನೆಯದು ಊಟ. ಉಂಡ ಮೇಲೆ ಲಿವರಿಗೆ ರಕ್ತದ ಹರಿವು ಏರುತ್ತದೆ, ಅಳತೆಯೂ ಸುಳ್ಳಾಗಿ ಏರುತ್ತದೆ. ಕನಿಷ್ಠ 3 ಗಂಟೆ ಖಾಲಿ ಹೊಟ್ಟೆ ಬೇಕು. ಉಚಿತ ಶಿಬಿರಗಳಲ್ಲಿ ಇಡ್ಲಿ ತಿಂದು ಸಾಲಿನಲ್ಲಿ ನಿಂತವರ ವರದಿಗೆ ಬೆಲೆ ಅಷ್ಟಕ್ಕಷ್ಟೆ. ಎರಡನೆಯದು ಪ್ರೋಬ್. ದಪ್ಪ ಮೈಯವರಿಗೆ, ಅಂದರೆ ಚರ್ಮದಿಂದ ಲಿವರಿಗೆ 25 ಮಿ.ಮೀ.ಗಿಂತ ಹೆಚ್ಚು ದೂರವಿದ್ದರೆ, 'ಎಕ್ಸ್‌ಎಲ್' ಪ್ರೋಬ್ ಬೇಕು. ಅದು ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಈ ಪರೀಕ್ಷೆ ಸಾಮಾನ್ಯವಾಗಿ ಕೈಕೊಡುತ್ತದೆ. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಮುಂಚೆಯೇ ತಿಳಿಸಬೇಕು.

ಮೂರನೆಯದೇ ದೊಡ್ಡ ತೊಡಕು. ಲಿವರನ್ನು ಊದಿಸುವ ಕೆಲವು ಕಾಯಿಲೆಗಳು ಕಲೆಗಟ್ಟದಿದ್ದರೂ ಈ ಸಂಖ್ಯೆಯನ್ನು ಏರಿಸಿಬಿಡುತ್ತವೆ. ಹೃದಯದ ಪಂಪಿಂಗ್ ಸೋತರೆ ರಕ್ತ ಹಿಂದಕ್ಕೆ ನಿಂತು ಲಿವರ್ ಊದಿಕೊಳ್ಳುತ್ತದೆ, ಗಡುಸೂ ಆಗುತ್ತದೆ. ಕಾಮಾಲೆ ಜೋರಾಗಿದ್ದು, ರಕ್ತಪರೀಕ್ಷೆಯಲ್ಲಿ ಎಎಲ್‌ಟಿ ಎಂಬ ಲಿವರ್ ಕಿಣ್ವ ಮಿತಿಯ ಐದು ಪಟ್ಟಿಗಿಂತ ಮೇಲಿದ್ದಾಗಲೂ, ಪಿತ್ತನಾಳ ಕಟ್ಟಿಕೊಂಡಾಗಲೂ ಹೀಗೇ. ಕಾಲು ಬಾತಿದ್ದು ಏದುಸಿರು ಬರುವವರಿಗೆ ಮೊದಲು ಎಕೋ (ಹೃದಯದ ಸ್ಕ್ಯಾನ್) ಆಗಲಿ. ಚಳಿಜ್ವರ, ಬಲಪಕ್ಕೆ ಮುಟ್ಟಿದರೆ ನೋವು ಇದ್ದರೆ ಅಮೀಬಾದಿಂದಾದ ಕೀವು ಇದೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಬೇಕು. ಮಲೇರಿಯಾ, ಡೆಂಗಿ, ಟೈಫಾಯಿಡ್‌ನಲ್ಲೂ ಲಿವರ್ ಊದುತ್ತದೆ, ಜ್ವರ ವಾಸಿಯಾದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಲಿವರ್ ದೊಡ್ಡದಾಗಲು ಇನ್ನುಳಿದ ಕಾರಣಗಳು ಕೊಬ್ಬು, ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತದ ಕ್ಯಾನ್ಸರ್, ಬೇರೆ ಕಡೆಯಿಂದ ಹಬ್ಬಿದ ಕ್ಯಾನ್ಸರ್, ಎಳೆಯ ವಯಸ್ಸಿನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ. ಸಿರೋಸಿಸ್ (ಲಿವರ್ ಪೂರ್ತಿ ಕಲೆಗಟ್ಟಿದ ಹಂತ) ಬಲಿತಾಗ ಲಿವರ್ ಎಷ್ಟೋ ಸಲ ಕುಗ್ಗುತ್ತದೆ. ಹಾಗಾಗಿ 'ಸೈಜ್ ನಾರ್ಮಲ್' ಎಂಬ ಮಾತನ್ನು ನೆಚ್ಚಿ ಕೂರುವಂತಿಲ್ಲ.

ಲಕ್ಷಣ ನೋಡಿ ನಿರ್ಧರಿಸೋಣ ಎಂದರೆ ಬಹುಮಂದಿಗೆ ಲಕ್ಷಣವೇ ಇರುವುದಿಲ್ಲ. ಇದ್ದರೆ ಬಲಪಕ್ಕೆಯಲ್ಲಿ ಭಾರ, ಸುಸ್ತು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಅಷ್ಟೆ.

ಖರ್ಚಿಗೆ ಮೊದಲು ರಕ್ತಪರೀಕ್ಷೆಯ ಅಂಕಿಗಳಿಂದ ಫೈಬ್ರೋಸಿಸ್ ಸಂಭವ ಅಂದಾಜಿಸುವ ಒಂದು ಲೆಕ್ಕ ಹಾಕಬಹುದು, 'ಫಿಬ್-4'. ವಯಸ್ಸನ್ನು ಎಎಸ್‌ಟಿಯಿಂದ (ಎಎಲ್‌ಟಿಯಂತೆಯೇ ಇನ್ನೊಂದು ಕಿಣ್ವ) ಗುಣಿಸಿ. ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. ವಯಸ್ಸು 48, ಎಎಸ್‌ಟಿ 52, ಎಎಲ್‌ಟಿ 64, ಪ್ಲೇಟ್‌ಲೆಟ್ 2.1 ಲಕ್ಷ (ಅಂದರೆ 210) ಎಂದಿಟ್ಟುಕೊಳ್ಳಿ. 2496ನ್ನು 1680ರಿಂದ ಭಾಗಿಸಿದರೆ 1.49. 1.3ಕ್ಕಿಂತ ಕಡಿಮೆ ಬಂದರೆ ಫೈಬ್ರೋಸ್ಕ್ಯಾನಿಗೆ ಅವಸರವಿಲ್ಲ, 65 ದಾಟಿದವರಿಗೆ ಈ ಗೆರೆ 2. ನಡುವಿನಲ್ಲಿದ್ದರೆ ಮಾಡಿಸಿ, ಹಣ ಸಾರ್ಥಕ. 2.67 ಮೀರಿದರೆ ತಜ್ಞರನ್ನೇ ನೇರವಾಗಿ ಕಾಣಿ. 35ರೊಳಗಿನವರಿಗೆ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ.

ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇರುವವರು, ವರ್ಷಗಟ್ಟಲೆ ಕುಡಿದವರು, ಹೆಪಟೈಟಿಸ್ ಬಿ ಇರುವವರು, ಇವರಿಗೆ ಫೈಬ್ರೋಸ್ಕ್ಯಾನ್‌ನಿಂದ ನಿಜವಾದ ಲಾಭ. ಮತ್ತೆ ಮಾಡಿಸುವಾಗ ಅದೇ ಪ್ರೋಬ್, ಅದೇ ಖಾಲಿ ಹೊಟ್ಟೆ ಇದ್ದರೆ ಮಾತ್ರ ಹೋಲಿಸಲು ಬರುತ್ತದೆ. ತಿಂಗಳಿಗೊಮ್ಮೆ ಮಾಡಿಸುವುದು ದುಡ್ಡು ದಂಡ. ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ, ರಕ್ತ ವಾಂತಿಯಾದರೆ ಅಥವಾ ಮಾತು ತೊದಲಿ ಮಂಕು ಕವಿದರೆ ಯಾವ ಸ್ಕ್ಯಾನ್ ಸೆಂಟರಿಗೂ ಹೋಗಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.