ಮಂಡಿಪೇಟೆಯ ನೆಲನೆಲ್ಲಿ, ಮೆಡಿಕಲ್ ಶಾಪಿನ ಸಿಲಿಮಾರಿನ್: ಯಾವುದನ್ನು ಹೇಗೆ ಕೊಳ್ಳಬೇಕು

ದಾವಣಗೆರೆ ಮಂಡಿಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ‘ಲಿವರ್‌ಗೆ ಏನಾದ್ರೂ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ನೆಲನೆಲ್ಲಿ. ಬೇರು ಸಮೇತ ಒಣಗಿಸಿದ ಕಟ್ಟೂ ಇರುತ್ತದೆ, ಪುಡಿಯೂ ಇರುತ್ತದೆ. ಕಟ್ಟನ್ನೇ ಕೊಳ್ಳಿ. ಇದರ ಮುಖ್ಯ ಸತ್ವ ಫಿಲಾಂಥಿನ್ ಇರುವುದು ಹೆಚ್ಚಾಗಿ ಎಲೆಯಲ್ಲಿ, ಕಡ್ಡಿಯಲ್ಲಿ ಬಹಳ ಕಡಿಮೆ. ಪುಡಿಯಾದ ಮೇಲೆ ಎಲೆ ಎಷ್ಟು, ಕಡ್ಡಿ ಎಷ್ಟು ಅಂತ ಯಾರು ಹೇಳಬೇಕು? ಎಲೆ ಉದುರಿ ಬರೀ ಕಡ್ಡಿ ಉಳಿದ ಕಟ್ಟೂ ಬೇಡ.

ಗಿಡ ಸರಿಯಾದದ್ದೇ ಎಂದು ನೋಡಲು ಎಲೆಗರಿಯನ್ನು ಮಗುಚಿ. ಅಡಿಯಲ್ಲಿ ಸಾಲಾಗಿರುವ ಕಾಯಿ ನುಣುಪಾಗಿದ್ದು, ಸಣ್ಣ ತೊಟ್ಟಿರಬೇಕು. ಅದು ಸರಿಯಾದ ನೆಲನೆಲ್ಲಿ, ವೈಜ್ಞಾನಿಕ ಹೆಸರು ಫಿಲಾಂಥಸ್ ಅಮಾರಸ್. ತೊಟ್ಟಿಲ್ಲದಂತೆ ಅಂಟಿಕೊಂಡ ತರಿತರಿ ಕಾಯಿ ಫಿಲಾಂಥಸ್ ಯೂರಿನೇರಿಯಾ ಎಂಬ ಬೇರೆ ಜಾತಿಯದ್ದು. ದಕ್ಷಿಣ ಭಾರತದ ಅಂಗಡಿ ಮಾಲನ್ನು ಜಾತಿ ಗುರುತಿಸುವ ಡಿಎನ್‌ಎ ಬಾರ್‌ಕೋಡ್‌ನಿಂದ ಪರೀಕ್ಷಿಸಿದ 2010ರ ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಮಾದರಿಗಳು ಬೇರೆ ಫಿಲಾಂಥಸ್ ಜಾತಿಯವಾಗಿದ್ದವು. ಪುಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ಮಳೆಗಾಲದಲ್ಲಿ ಮೂಸಿ ನೋಡದೆ ಕೊಳ್ಳಬೇಡಿ. ಮುಗ್ಗಲು ವಾಸನೆ ಬಂದರೆ, ಬೂಷ್ಟು ಕಂಡರೆ ಅಲ್ಲೇ ಬಿಟ್ಟುಬನ್ನಿ. ಥಂಡಿ ಹಿಡಿದ ಮೂಟೆಯಲ್ಲಿ ಬೆಳೆಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಉಂಟುಮಾಡುತ್ತದೆ. ಅದು ಲಿವರ್‌ಗೇ ವಿಷ, ಕುದಿಸಿದರೂ ಹೋಗುವುದಿಲ್ಲ.

ಇನ್ನೊಂದು ಮಾತು: ಫಿಲಾಂಥಿನ್ ನೀರಿನಲ್ಲಿ ಸರಿಯಾಗಿ ಕರಗದು. ಕಷಾಯದಲ್ಲಿ ಇಳಿಯುವುದು ಹೆಚ್ಚಾಗಿ ಟ್ಯಾನಿನ್ ಜಾತಿಯ ಒಗರು ಸತ್ವ. ಹಾಗಾಗಿ ಕಟ್ಟನ್ನು ಮನೆಯಲ್ಲೇ ಕುಟ್ಟಿ ಜರಡಿ ಹಿಡಿದ ಪುಡಿ ವಾಸಿ. ರೂಢಿಯ ಅಳತೆ ದಿನಕ್ಕೆ 3ರಿಂದ 6 ಗ್ರಾಂ. ಹೆಪಟೈಟಿಸ್ ಬಿ ಗುಣವಾಗುತ್ತದೆ ಎಂಬ ನಂಬಿಕೆಗೆ 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮದ್ರಾಸಿನ ಅಧ್ಯಯನ ಬಲ ಕೊಟ್ಟಿತ್ತು. ಆಮೇಲಿನ ಹಲವು ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಲಿವರ್‌ಗೆಂದು ಸಿಗುವ ಸಿಲಿಮಾರಿನ್ ಹಾಲುಮುಳ್ಳು ಎನ್ನಬಹುದಾದ ಮಿಲ್ಕ್ ಥಿಸಲ್ ಗಿಡದ ಬೀಜದ ಸತ್ವ. ಗುಣಮಟ್ಟದ ವಿಷಯದಲ್ಲಿ ಇದೇ ಮೇಲು, ಏಕೆಂದರೆ ಸತ್ವದ ಪ್ರಮಾಣವನ್ನು ಪಟ್ಟಿಯ ಮೇಲೆ ಓದಬಹುದು. ಓದುವಾಗ ‘ಬೀಜದ ಸಾರ ಇಷ್ಟು’ ಎಂಬುದಕ್ಕಲ್ಲ, ‘ಸಿಲಿಮಾರಿನ್ 140 ಮಿ.ಗ್ರಾಂ’ ಎಂಬುದಕ್ಕೆ ಬೆಲೆ ಕೊಡಿ. ಒಳ್ಳೆಯ ಸಾರದಲ್ಲಿ ಅದು ಶೇ. 70ರಿಂದ 80ರಷ್ಟಿರುತ್ತದೆ. ಬೀಜ ಕುದಿಸಿ ಚಹಾ ಮಾಡಿದರೆ ದಂಡ, ಅದೂ ನೀರಿಗೆ ಇಳಿಯದು. ಕೆಲವರಿಗೆ ಭೇದಿಯಾಗುತ್ತದೆ. ಸೇವಂತಿಗೆ, ಕಾಂಗ್ರೆಸ್ ಗಿಡ ಮೈಗೆ ಆಗದವರು ಎಚ್ಚರದಿಂದಿರಬೇಕು, ಎಲ್ಲ ಒಂದೇ ಕುಟುಂಬ.

ಅರಿಸಿನದ ಸತ್ವಕ್ಕೆ ಕರಿಮೆಣಸಿನ ಪೈಪರೀನ್ ಬೆರೆಸಿದ ಕ್ಯಾಪ್ಸೂಲ್ ಬೇಡವೇ ಬೇಡ. ಅದರಿಂದಲೇ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಅಡುಗೆಯ ಅರಿಸಿನಕ್ಕೆ ಈ ಮಾತು ಅಲ್ಲ.

ವಿಷ ಹೊಟ್ಟೆಗೆ ಹೋದಾಗ ಮಾತ್ರ ಇವು ಯಾವುವೂ ಮದ್ದಲ್ಲ. ಯೂರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ಕೊಡುವ ಸಿಲಿಬಿನಿನ್ (ಸಿಲಿಮಾರಿನ್‌ನ ಮುಖ್ಯ ಅಂಶ) ರಕ್ತನಾಳಕ್ಕೆ ಏರಿಸುವಂಥದ್ದು, ಮಾತ್ರೆಯಲ್ಲ. ಪ್ಯಾರಾಸಿಟಮಾಲ್ ಅತಿಯಾದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಬೇಕು. 8 ಗಂಟೆಯೊಳಗೆ ಸಿಕ್ಕರೆ ಲಿವರ್ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಹಳದಿ ರಂಜಕದ ಇಲಿ ಪೇಸ್ಟ್ ಇನ್ನೂ ಮೋಸದ್ದು: ಮೊದಲ ವಾಂತಿ ನಿಂತು ಒಂದೆರಡು ದಿನ ಚೆನ್ನಾಗಿದ್ದಂತೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ. ಕಷಾಯ ಕಾಯಿಸುತ್ತಾ ಕೂರದೆ ಆ ಗಳಿಗೆಯೇ ಜಿಲ್ಲಾಸ್ಪತ್ರೆಗೆ ಹೊರಡಿ, ಖಾಲಿ ಟ್ಯೂಬನ್ನೂ ಜೊತೆಗೆ ಒಯ್ಯಿರಿ.