ಜೋಟೆರೋ: ಮರುಕಳಿಸುವ ಅಡಿಟಿಪ್ಪಣಿಗಳಿಗೆ ನಂಬಬಹುದಾದ ತಂತ್ರಾಂಶ

ಕೊಡಗಿನ ಇತಿಹಾಸವನ್ನು ಬರೆಯುವವರು ಕೆಲವೇ ಆಕರಗಳಿಗೆ ಮತ್ತೆ ಮತ್ತೆ ಮರಳಬೇಕಾಗುತ್ತದೆ. 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ರಿಕ್ಟರ್ ಅವರ ಕೈಪಿಡಿ, 1914ರ ಪರಿಷ್ಕೃತ ಶಾಸನ ಸಂಪುಟ, 1924ರ ಕೊಡವ ಜಾನಪದ ಸಂಗ್ರಹ ‘ಪಟ್ಟೋಲೆ ಪಳಮೆ’ – ನನ್ನ ಇಂಗ್ಲಿಷ್ ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಬಹುಪಾಲು ಈ ಮೂರೇ. ಮೊದಲ ಕರಡಿನಲ್ಲಿ ಇವನ್ನೆಲ್ಲ ಕೈಯಿಂದಲೇ ಟೈಪ್ ಮಾಡಿದ್ದೆ. ಆಮೇಲೆ ಒಂದು ಪ್ಯಾರಾವನ್ನು ಬೇರೆ ಅಧ್ಯಾಯಕ್ಕೆ ಸಾಗಿಸಿದಾಗ, ‘ಅದೇ’ ಎಂಬರ್ಥದ ‘ಇಬಿಡ್’ ಮತ್ತೊಂದು ಗ್ರಂಥದ ಕೆಳಗೆ ಬಂದು ಕೂತಿತು. ಶಾಸನ ಸಂಪುಟದ ಮಾತು ರಿಕ್ಟರ್ ಅವರ ಹೆಸರಿಗೆ ಸೇರಿಹೋಯಿತು. ಸಂಶೋಧನೆಯಲ್ಲಿ ಇದು ಸಣ್ಣ ತಪ್ಪಲ್ಲ.

ಇಂಥ ತಪ್ಪನ್ನು ತಪ್ಪಿಸುವ ಜೋಟೆರೋ, ಆಕರಗಳನ್ನು ದಾಖಲಿಸಿಟ್ಟು ಅಡಿಟಿಪ್ಪಣಿಗಳನ್ನು ಸಿದ್ಧಪಡಿಸಿಕೊಡುವ ಉಚಿತವಾದ ಮುಕ್ತ ತಂತ್ರಾಂಶ, 2006ರಿಂದ ಬಳಕೆಯಲ್ಲಿದೆ. ವರ್ಡ್, ಲಿಬ್ರೆಆಫೀಸ್‌ಗಳೊಳಗೇ ಕೆಲಸ ಮಾಡುವ ಇದು ಪ್ರತಿ ಉಲ್ಲೇಖದ ಸ್ಥಾನವನ್ನು ಲೆಕ್ಕವಿಡುತ್ತದೆ. ಗ್ರಂಥ ಮೊದಲ ಸಲ ಬಂದಾಗ ಪೂರ್ಣ ವಿವರ, ಮತ್ತೆ ಬಂದಾಗ ಸಂಕ್ಷಿಪ್ತ ರೂಪ, ಬೆನ್ನಿಗೇ ಬಂದರೆ ‘ಇಬಿಡ್’, ಪುಟ ಬದಲಾಗಿದ್ದರೆ ಅದರೊಡನೆ ಹೊಸ ಪುಟಸಂಖ್ಯೆ. ನಡುವೆ ಹೊಸ ಉಲ್ಲೇಖ ಸೇರಿಸಿದರೆ ಮುಂದಿನದು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹಿಂದಿನ ಟಿಪ್ಪಣಿಯಲ್ಲಿ ಎರಡು ಗ್ರಂಥಗಳಿದ್ದರೆ ‘ಇಬಿಡ್’ ಯಾವುದನ್ನು ಸೂಚಿಸುತ್ತದೆಂಬ ಗೊಂದಲ ಬಾರದಂತೆ ಅದನ್ನು ಬಳಸುವುದೇ ಇಲ್ಲ. ಈ ಎಚ್ಚರ ನನಗೆ ಬಹಳ ಮೆಚ್ಚಿಗೆಯಾಯಿತು. ‘ಇಬಿಡ್’ ಎಲ್ಲಿಯೂ ಕಾಣದಿದ್ದರೆ ತಂತ್ರಾಂಶದಲ್ಲಿ ಆಯ್ದ ಉಲ್ಲೇಖ ಶೈಲಿಯನ್ನು ಪರಿಶೀಲಿಸಬೇಕು. ಶಿಕಾಗೋ ಶೈಲಿಯ 2017ರ 17ನೇ ಆವೃತ್ತಿಯೇ ಅದರ ಬದಲು ಸಂಕ್ಷಿಪ್ತ ರೂಪವನ್ನು ಬಳಸಲು ಹೇಳುತ್ತದೆ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರಿನ ವಿಷಯ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ‘ಪಟ್ಟೋಲೆ ಪಳಮೆ’ಯ ಕರ್ತೃ ನಡಿಕೇರಿಯಂಡ ಚಿಣ್ಣಪ್ಪ ಅವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಭಾಗ ಮಾಡಿ ತುಂಬಿದರೆ, ಮೊದಲ ಅಡಿಟಿಪ್ಪಣಿಯಲ್ಲಿ ‘ಚಿಣ್ಣಪ್ಪ ನಡಿಕೇರಿಯಂಡ’ ಎಂದು ತಿರುವುಮುರುವಾಗುತ್ತದೆ, ಮುಂದಿನವುಗಳಲ್ಲಿ ಬರೀ ‘ನಡಿಕೇರಿಯಂಡ’ ಉಳಿಯುತ್ತದೆ. ಒಂದು ಮನೆತನದಲ್ಲಿ ಎಷ್ಟೋ ಜನರಿರುವಾಗ ಅದಷ್ಟನ್ನೇ ಬರೆದರೆ ಯಾರೆಂದು ತಿಳಿಯುವುದು ಹೇಗೆ? ಲೇಖಕರ ಹೆಸರಿನ ಪಕ್ಕದ ಗುಂಡಿಯನ್ನು ಒತ್ತಿ ಇಡೀ ಹೆಸರನ್ನು ಒಂದೇ ಅಂಕಣದಲ್ಲಿ ತುಂಬಿದರೆ ಎಲ್ಲ ಕಡೆಯೂ ಹೆಸರು ಇದ್ದ ಹಾಗೆಯೇ ಬರುತ್ತದೆ.

ಒಂದೇ ಗ್ರಂಥ ಎರಡು ಸಲ ದಾಖಲಾಗಿದ್ದರೆ ತಂತ್ರಾಂಶ ಅವನ್ನು ಎರಡು ಗ್ರಂಥಗಳೆಂದೇ ಎಣಿಸುವುದರಿಂದ, ನಕಲುಗಳನ್ನು ಆಗಾಗ ವಿಲೀನಗೊಳಿಸುವುದು ಅಗತ್ಯ. ಹಾಗೆಯೇ ಅಡಿಟಿಪ್ಪಣಿಯನ್ನು ಕೈಯಿಂದ ನೇರವಾಗಿ ತಿದ್ದಬಾರದು; ತಿದ್ದಿದರೆ ಅದು ಮುಂದೆ ತಾನಾಗಿ ಬದಲಾಗುವುದಿಲ್ಲ.

ದಾಖಲೆಗಳೆಲ್ಲ ಗಣಕದಲ್ಲಿಯೇ ಇರುವುದರಿಂದ ಕಕ್ಕಡ ತಿಂಗಳ ಮಳೆಗೆ ಇಂಟರ್‌ನೆಟ್ ಹೋದ ದಿನಗಳಲ್ಲಿಯೂ ಮಡಿಕೇರಿಯಲ್ಲಿ ನನ್ನ ಕೆಲಸ ನಿಲ್ಲಲಿಲ್ಲ. ಜಾಲದಲ್ಲಿ ಕಡತಗಳನ್ನು ಇಡಲು ಉಚಿತವಾಗಿ ದೊರೆಯುವುದು 300 ಎಂಬಿ ಮಾತ್ರ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಗೆ ಅದು ಸಾಲದು, ಅವುಗಳನ್ನು ನಾನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ.